ಇಳಿಜಾರು ಹೊಲದ ಬದುವಿಗೆ ಲಾವಂಚ ನೆಡಬಹುದಾ?

ಕೆಮ್ಮಣ್ಣು:
ನಮ್ಮದು ಇಳಿಜಾರಿನ ರಾಗಿ ಹೊಲ. ಮಣ್ಣಿನ ಬದು ಹಾಕಿಸಿದ್ದೇವೆ, ಆದರೂ ಜೋರು ಮಳೆ ಬಂದರೆ ಎಲ್ಲೋ ಒಂದು ಕಡೆ ಒಡೆದು ಮೇಲ್ಮಣ್ಣೆಲ್ಲ ಹಳ್ಳಕ್ಕೆ ಹೋಗುತ್ತದೆ. ಲಾವಂಚ ನೆಡಿ ಅಂತಾರೆ. ಅದು ಗರಿಕೆ ತರ ಹೊಲದೊಳಗೆಲ್ಲ ಹಬ್ಬುವುದಿಲ್ವಾ? ಬೇರು ಮಾರಿದರೆ ದುಡ್ಡೂ ಬರುತ್ತದಂತೆ, ನಿಜಾನಾ?

ಬದುಬೇಲಿ:
ಧೈರ್ಯವಾಗಿ ನೆಡಿ. ಗರಿಕೆ ನೆಲದ ಮೇಲೆ ಹರಿದು ಗೆಣ್ಣಿಗೊಂದು ಬೇರು ಬಿಡುತ್ತದೆ, ಲಾವಂಚ ಇದ್ದಲ್ಲೇ ಬುಡ ದಪ್ಪ ಮಾಡಿಕೊಳ್ಳುತ್ತದೆ. ನಮ್ಮ ದಕ್ಷಿಣದ ತಳಿಯಲ್ಲಿ ಮೊಳೆಯುವ ಬೀಜವೂ ಅಪರೂಪ. ಉತ್ತರ ಭಾರತದ ಕಾಡು ಲಾವಂಚ ಬೀಜದಿಂದ ಹರಡುತ್ತದೆ, ಅದನ್ನು ತರಬೇಡಿ. ಬೇರು ನೇರ ಕೆಳಗಿಳಿಯುತ್ತದೆ, ಒಳ್ಳೆ ಮಣ್ಣಾದರೆ 3 ಮೀಟರ್ ತನಕ, ಹಾಗಾಗಿ ಪಕ್ಕದ ರಾಗಿಗೆ ತೊಂದರೆ ಕಡಿಮೆ. ಒತ್ತಾಗಿ ನಿಂತ ಬುಡಗಳ ನಡುವೆ ನೀರು ನಿಧಾನವಾಗಿ ಸೋಸಿ ಹೋಗುತ್ತದೆ, ಹೊತ್ತು ತಂದ ಮಣ್ಣು ಹಿಂದೆಯೇ ಕೂರುತ್ತದೆ, ಹುಲ್ಲು ಆ ಮಣ್ಣಿನ ಜೊತೆ ತಾನೂ ಮೇಲೇರಿ ಹೊಸ ಬೇರು ಬಿಡುತ್ತದೆ, ಹೀಗೆ ವರ್ಷ ಕಳೆದಂತೆ ಇಳಿಜಾರು ತಾನಾಗಿ ಮೆಟ್ಟಿಲಾಗುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಇದನ್ನು ಪ್ರಚಾರ ಮಾಡುವ ಎಷ್ಟೋ ಮೊದಲೇ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಇದನ್ನೇ ನೆಟ್ಟಿದ್ದರು. ನಮ್ಮವರ ಈ ತಿಳಿವಳಿಕೆ ನಮ್ಮಲ್ಲೇ ಮರೆತು ಹೋಗುತ್ತಿರುವುದು ಬೇಸರದ ವಿಷಯ.

ಹುಲ್ಲುಗಾವಲು:
ಬೇರಿನ ದುಡ್ಡಿನ ಆಸೆ ಬದುವಿನ ಮೇಲೆ ಬೇಡ. ಬೇರು ಬೇಕಂದರೆ ಬುಡ ಸಮೇತ ಅಗೆಯಬೇಕು, ಆಗ ಸಡಿಲವಾದ ಮಣ್ಣು ಮೊದಲಿಗಿಂತ ಜಾಸ್ತಿ ಕೊಚ್ಚಿ ಹೋಗುತ್ತದೆ. ಮಾರುವುದಕ್ಕೆ ಸಮತಟ್ಟು ಜಾಗದಲ್ಲಿ ಬೇರೆ ಮಡಿ ಮಾಡಿ. ಬದುವಿನದನ್ನು ಆಗಾಗ ಮೊಣಕಾಲುದ್ದಕ್ಕೆ ಸವರಿದರೆ ಸಾಕು. ಎಳೆ ಗರಿ ದನ ತಿನ್ನುತ್ತವೆ, ಬಲಿತದ್ದನ್ನು ಮಣ್ಣಿನ ಮೇಲೆ ಮುಚ್ಚಿಗೆಯಾಗಿ ಹಾಸಿ.

ಕೆಮ್ಮಣ್ಣು:
ಹಾಗಾದರೆ ಬೇರಿನ ಯೋಚನೆ ಬಿಟ್ಟೆ. ನೆಡುವುದು ಹೇಗೆ? ಬದುವಿನ ಒಂದು ಭಾಗದಲ್ಲಿ ಹೊಂಗೆ ಮರಗಳಿವೆ.

ಬದುಬೇಲಿ:
ಮರದ ದಟ್ಟ ನೆರಳಲ್ಲಿ ಸೊರಗುತ್ತದೆ, ಅಲ್ಲಿ ಕೊಂಬೆ ಸವರಿ ಬಿಸಿಲು ಬಿಡಿಸಿ. ಮಳೆಗಾಲ ಶುರುವಿನಲ್ಲಿ ಎರಡು ಮೂರು ತೆಂಡೆ (ಬುಡದಿಂದ ಬೇರು ಸಮೇತ ಬಿಡಿಸಿದ ಕುಡಿ) ಸೇರಿಸಿ, ಗೇಣಿಗಿಂತ ಹತ್ತಿರ ಹತ್ತಿರ ನೆಡಿ. ಸಾಲು ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿರಲಿ. ಮುಖ್ಯವಾಗಿ, ಸತ್ತ ಬುಡದ ಜಾಗ ಖಾಲಿ ಬಿಡಬೇಡಿ, ನೀರೆಲ್ಲ ಆ ಸಂದಿಯಲ್ಲೇ ನುಗ್ಗುತ್ತದೆ. ಅದಕ್ಕೇ ಒಂದಷ್ಟು ತೆಂಡೆ ಪಕ್ಕದಲ್ಲಿ ಬೆಳೆಸಿಕೊಂಡಿರಿ.