ಸಣ್ಣ ಹ್ಯಾಚ್‌ಬ್ಯಾಕ್‌ಗೆ ದೊಡ್ಡ ಬ್ರೇಕ್ ಹಾಕಿಸಬೇಕು, ಮಾಡಿಸಿದವರು ಅನುಭವ ಹೇಳಿ

ಕೇಳಿದವರು:

ನಮಸ್ಕಾರ. ನನ್ನದು ಹಳೆಯ ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ನಾಲ್ಕು ಜನ ಕೂತು, ಲಗೇಜ್ ತುಂಬಿಕೊಂಡು ಬೆಟ್ಟ ಇಳಿದರೆ ಅರ್ಧ ದಾರಿಗೇ ಪೆಡಲ್ ಮೆತ್ತಗಾಗುತ್ತದೆ. ಜೋರಾಗಿ ತುಳಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಇದೇ ಕಾರಿನ ದೊಡ್ಡ ಎಂಜಿನ್ ಮಾಡೆಲ್‌ನ ಡಿಸ್ಕ್ ಮತ್ತು ಕ್ಯಾಲಿಪರ್ (ಡಿಸ್ಕ್ ಮೇಲೆ ಪ್ಯಾಡ್ ಒತ್ತುವ ಭಾಗ) ಮುಂದೆ ಹಾಕಿಸಿ, ಹಿಂದೆಯೂ ಡಿಸ್ಕ್ ಮಾಡಿಸಿಬಿಡೋಣ ಅಂತಿದ್ದೇನೆ. ಮುಂದೆ ಹಿಂದೆ ಬ್ರೇಕ್ ಬಲದ ಬ್ಯಾಲೆನ್ಸ್ ಹೇಗೆ ಸರಿ ಮಾಡಿಕೊಂಡಿರಿ?

ದೊಡ್ಡ ಡಿಸ್ಕ್ ಹಾಕಿಸಿದವರೊಬ್ಬರು:

ಸರ್, ನಾನು ಇದೇ ತರಹದ ಕಾರಿಗೆ ಮುಂದಿನ ಡಿಸ್ಕ್ ದೊಡ್ಡದು ಹಾಕಿಸಿದ್ದೇನೆ, ಖುಷಿಯಾಗಿದ್ದೇನೆ. ಆದರೆ ನಿಮ್ಮ ಕಾರಿನಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ಪೆಡಲ್ ಮೆತ್ತಗಾಗುವುದು ಬಿಸಿಯಿಂದ. ಎಡಕ್ಕೆ ಎಳೆಯುವುದು ಏನೋ ಕೆಟ್ಟಿರುವುದರಿಂದ. ಎರಡನೆಯದನ್ನು ಹಾಗೇ ಬಿಟ್ಟು ದೊಡ್ಡ ಬ್ರೇಕ್ ಹಾಕಿದರೆ ಗಾಡಿ ಇನ್ನೂ ಜೋರಾಗಿ ಎಳೆಯುತ್ತದೆ.

ಮೊದಲು ಒಂದು ವಿಷಯ ನೋಡಿಕೊಳ್ಳಿ. ಬ್ರೇಕ್ ತಣ್ಣಗಿರುವಾಗ, ಜನ ಇಲ್ಲದ ಒಣ ಜಾಗದಲ್ಲಿ ಜೋರಾಗಿ ತುಳಿದರೆ ಮುಂದಿನ ಚಕ್ರ ಲಾಕ್ ಆಗುತ್ತದೆಯೇ, ಅಂದರೆ ತಿರುಗುವುದು ನಿಂತು ಜಾರುತ್ತದೆಯೇ? ಆಗುತ್ತದೆ ಅಂದರೆ ನಿಮ್ಮ ಬ್ರೇಕ್‌ಗೆ ಬಲ ಸಾಕು, ಸಾಲದೆ ಇರುವುದು ಟೈರಿನ ಹಿಡಿತ. ಆಗ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಒಂದು ಸಲ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ. ಆ ದೂರ ಕಡಿಮೆಯಾಗಬೇಕಾದರೆ ಒಳ್ಳೆಯ ಟೈರ್ ಹಾಕಿಸಬೇಕು. ದೊಡ್ಡ ಡಿಸ್ಕ್ ಕೆಲಸಕ್ಕೆ ಬರುವುದು ಮತ್ತೆ ಮತ್ತೆ ಹಿಡಿದಾಗ, ಉದ್ದಕ್ಕೆ ಇಳಿಯುವಾಗ. ಅಂದರೆ ಬಿಸಿ ತಡೆಯುವುದಕ್ಕೆ.

ಆ ಬಿಸಿ ಎಷ್ಟು ಅಂತ ಒಂದು ಲೆಕ್ಕ ಹೇಳುತ್ತೇನೆ. 100 ಮೀಟರ್ ಎತ್ತರ ಇಳಿದರೆ, 100 ಕಿ.ಮೀ. ವೇಗದಿಂದ ಸುಮಾರು ಎರಡೂವರೆ ಸಲ ಪೂರ್ತಿ ನಿಲ್ಲಿಸಿದಷ್ಟು ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಕಾರಿನ ತೂಕ ಎಷ್ಟೇ ಇರಲಿ, ಈ ಅನುಪಾತ ಬದಲಾಗುವುದಿಲ್ಲ. ಗಾಳಿ ಸ್ವಲ್ಪ ತಿನ್ನುತ್ತದೆ, ಗೇರ್ ಇಳಿಸಿದ್ದರೆ ಎಂಜಿನ್ ಸಾಕಷ್ಟು ತಿನ್ನುತ್ತದೆ. ಉಳಿದದ್ದೆಲ್ಲ ಡಿಸ್ಕ್‌ಗೆ ಬರುತ್ತದೆ. 500 ಮೀಟರ್ ಇಳಿಯುವ ದಾರಿಯಲ್ಲಿ ಟಾಪ್ ಗೇರ್‌ನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಯಾವ ಸಣ್ಣ ಕಾರಿನ ಬ್ರೇಕೂ ತಡೆಯುವುದಿಲ್ಲ. ಎರಡನೇ ಅಥವಾ ಮೂರನೇ ಗೇರ್, ಗಟ್ಟಿಯಾಗಿ ಒಮ್ಮೆ ಹಿಡಿದು ಪೂರ್ತಿ ಬಿಡುವುದು. ಹೊಸ ಭಾಗ ಯಾವುದಕ್ಕಿಂತಲೂ ಇದರಿಂದ ಬರುವ ವ್ಯತ್ಯಾಸ ಜಾಸ್ತಿ.

ಇನ್ನು ಪೆಡಲ್. ಬಿಸಿಯಾದಾಗ ಬ್ರೇಕ್ ಎರಡು ಥರ ಸೋಲುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಆವಿ ಕಟ್ಟಿದೆ. ಆವಿ ಅದುಮಿಕೊಳ್ಳುತ್ತದೆ, ಆಯಿಲ್ ಅದುಮಿಕೊಳ್ಳುವುದಿಲ್ಲ. ನೀವು ಹೇಳುತ್ತಿರುವುದು ಈ ಎರಡನೆಯದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ ಅಂದರೆ ಆ ಆಯಿಲಿನ ದರ್ಜೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ನಿಮ್ಮ ಕಾರಿನಲ್ಲಿ ಹಳೆಯ ಆಯಿಲ್ ಇದ್ದರೆ ಅದನ್ನು ಪೂರ್ತಿ ತೆಗೆಸಿ ಹೊಸ ಡಾಟ್ 4 ಹಾಕಿಸಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಡಾಟ್ 5 ಅಂತ ಬರೆದ ಡಬ್ಬಿ ಮಾತ್ರ ಕೊಳ್ಳಬೇಡಿ. ಅದು ಸಿಲಿಕೋನ್, ಇದರ ಜೊತೆ ಬೆರೆಯುವುದಿಲ್ಲ. 5 ಮತ್ತು 5.1 ಅಣ್ಣ ತಮ್ಮ ಅಲ್ಲ, ಬೇರೆಯೇ ವಸ್ತು.

ಆಮೇಲೆ ಪ್ಯಾಡ್. ಪ್ಯಾಡಿನ ಹಿಂಭಾಗದಲ್ಲಿ ಎಫ್‌ಎಫ್, ಜಿಜಿ ಅಂತ ಎರಡು ಅಕ್ಷರ ಇರುತ್ತದೆ. ಮೊದಲನೆಯದು ತಣ್ಣಗಿರುವಾಗಿನ ಹಿಡಿತ, ಎರಡನೆಯದು ಕಾದಾಗಿನದು. ಎಫ್ ಅಂದರೆ ಘರ್ಷಣೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾಗಿದ್ದರೆ ಆ ಪ್ಯಾಡ್ ಬಿಸಿಯಲ್ಲಿ ಸೋಲುತ್ತದೆ, ಬೆಟ್ಟದ ದಾರಿಗೆ ಬೇಡ. ರೇಸ್ ಪ್ಯಾಡ್ ಕೂಡ ಬೇಡ. ಅದು ಕಾಯುವವರೆಗೆ ಹಿಡಿಯುವುದಿಲ್ಲ, ಬೆಳಗ್ಗೆ ಮೊದಲ ತಿರುವಿನಲ್ಲೇ ಹೆದರಿಸುತ್ತದೆ.

ಇಷ್ಟು ಮಾಡಿಸಿ ಒಮ್ಮೆ ಬೆಟ್ಟ ಇಳಿದು ನೋಡಿ. ಆಮೇಲೂ ಸಾಲದಿದ್ದರೆ ಡಿಸ್ಕ್ ಮಾತು.

ಗ್ಯಾರೇಜ್ ಕೆಲಸದವರು:

ಮೇಲಿನವರು ಹೇಳಿದ್ದು ಸರಿ. ನಾನು ಎಳೆಯುವ ವಿಷಯ ಹೇಳುತ್ತೇನೆ.

ಎಡಕ್ಕೆ ಎಳೆದರೆ ಎಲ್ಲರೂ ಎಡ ಚಕ್ರ ಬಿಚ್ಚುತ್ತಾರೆ. ಬಹಳ ಸಲ ತಪ್ಪಿರುವುದು ಬಲಗಡೆ. ಬಲಗಡೆ ಹಿಡಿಯುತ್ತಿಲ್ಲ, ಅದಕ್ಕೇ ಗಾಡಿ ಎಡಕ್ಕೆ ಹೋಗುತ್ತದೆ. ಮೊದಲು ಎರಡೂ ಕಡೆ ಟೈರ್ ಗಾಳಿ ಸಮ ಮಾಡಿ. ಆಮೇಲೆ ಕ್ಯಾಲಿಪರ್ ಸ್ಲೈಡ್ ಪಿನ್ ನೋಡಿ, ಕೈಯಲ್ಲೇ ಸಲೀಸಾಗಿ ಜಾರಬೇಕು. ಜಾಮ್ ಆಗಿದ್ದರೆ ಒಳಗಿನ ಪ್ಯಾಡ್ ಸವೆದು ಹೊರಗಿನದು ಹಾಗೇ ಉಳಿದಿರುತ್ತದೆ. ಪಿನ್‌ಗೆ ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿ. ಸುಮ್ನೆ ಕೈಗೆ ಸಿಕ್ಕ ಪೆಟ್ರೋಲಿಯಂ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಜಾಮ್ ಆಗುತ್ತದೆ. ಪಿಸ್ಟನ್ ವಾಪಸ್ ಹೋಗುತ್ತದೆಯೇ ನೋಡಿ. ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಆಯಿಲ್ ತಡೆಯುತ್ತಿರಬಹುದು. ಹೋಸ್ ಹಾಕಿಸುವುದಿದ್ದರೆ ಎರಡೂ ಕಡೆ ಒಟ್ಟಿಗೆ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಪೆಡಲ್ ಗಟ್ಟಿಯಾಗುತ್ತದೆ, ಆದರೆ ನಿಲ್ಲಿಸುವ ಬಲ ಅದರಿಂದ ಬರುವುದಿಲ್ಲ.

ಹಿಂದಿನ ಡ್ರಮ್ ಬಿಚ್ಚದೆ ಯಾವ ತೀರ್ಮಾನವನ್ನೂ ಮಾಡಬೇಡಿ ಸರ್. ಒಳಗೆ ತಾನಾಗೇ ಅಡ್ಜಸ್ಟ್ ಆಗುವ ಕಡ್ಡಿ ಇರುತ್ತದೆ, ಅದು ತುಕ್ಕು ಹಿಡಿದು ನಿಂತುಬಿಡುತ್ತದೆ. ಡ್ರಮ್ ಒಳಗಿನಿಂದ ಒತ್ತಿ ಹಿಡಿಯುವ ಶೂ ಸವೆದ ಹಾಗೆ ಡ್ರಮ್‌ನಿಂದ ದೂರವಾಗುತ್ತದೆ. ಪೆಡಲಿನ ಅರ್ಧ ದೂರ ಆ ಸಂದು ತುಂಬುವುದಕ್ಕೇ ಹೋಗುತ್ತದೆ. ಹಿಂದೆ ಹಿಡಿಯುವುದಿಲ್ಲ, ಎಲ್ಲ ಭಾರ ಮುಂದೆ ಬೀಳುತ್ತದೆ, ಮುಂದೆ ಬೇಗ ಕಾಯುತ್ತದೆ. ಬ್ರೇಕ್ ಸಾಲದು ಅಂತ ಬರುವ ಹಳೆಯ ಕಾರುಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಇದನ್ನೇ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಿ ಇದನ್ನು ಮುಚ್ಚಿಹಾಕುವವರು ಇದ್ದಾರೆ. ಹಾಗೆ ಮಾಡಿದರೆ ಆ ಕಡ್ಡಿ ಕೆಲಸ ಮಾಡುವುದೇ ಇಲ್ಲ. ಕೇಬಲ್ ಸಡಿಲ ಮಾಡಿ, ಶೂ ಅಡ್ಜಸ್ಟ್ ಮಾಡಿ, ಕೊನೆಗೆ ಕೇಬಲ್ ಬಿಗಿ ಮಾಡಬೇಕು. ಶೂ ತಳ್ಳುವ ವೀಲ್ ಸಿಲಿಂಡರ್ ಸೋರಿ ಶೂ ಒದ್ದೆಯಾಗಿದ್ದರೆ ತೊಳೆದು ಹಾಕಬೇಡಿ, ಎರಡೂ ಕಡೆ ಬದಲಾಯಿಸಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಉಸಿರಿಗೆ ಹೋಗಬಾರದು. ಒದ್ದೆ ಮಾಡಿ ಒರೆಸಿ.

ಕೇಳಿದವರು:

ತುಂಬಾ ಥ್ಯಾಂಕ್ಸ್. ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಹಿಂದಿನ ಮಾಲೀಕರಿಗೇ ನೆನಪಿಲ್ಲ, ಹಾಗಾಗಿ ಅದು ಮೊದಲು. ಡ್ರಮ್ ಕೂಡ ಬಿಚ್ಚಿಸುತ್ತೇನೆ. ಆದರೂ ನಾಲ್ಕೂ ಕಡೆ ಡಿಸ್ಕ್ ಇದ್ದರೆ ಒಳ್ಳೆಯದಲ್ವಾ? ಮತ್ತೆ ದೊಡ್ಡ ಮಾಡೆಲ್‌ನ ಕ್ಯಾಲಿಪರ್ ನೇರವಾಗಿ ಕೂರುತ್ತದೆ ಅನ್ನುತ್ತಾರೆ.

ಇನ್ನೊಬ್ಬರು, ಹಳೆಯ ಹ್ಯಾಚ್‌ಬ್ಯಾಕ್‌ಗಳನ್ನು ರಿಪೇರಿ ಮಾಡಿಕೊಂಡು ಓಡಿಸುವವರು:

ಕೂರುವುದು ಬೇರೆ, ಹೊಂದುವುದು ಬೇರೆ. ಬ್ಯಾಲೆನ್ಸ್ ಕೇಳಿದಿರಲ್ಲ, ಅದು ಇಲ್ಲೇ ಇದೆ.

ಜೋರಾಗಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುತ್ತದೆ. ಚಾಲಕ ಒಬ್ಬರೇ ಇರುವ ಸಣ್ಣ ಕಾರಿನಲ್ಲಿ ಆ ಹೊತ್ತಿಗೆ ಹಿಂದಿನ ಎರಡು ಚಕ್ರದ ಮೇಲೆ ಒಟ್ಟು ಭಾರದ ಐದನೇ ಒಂದು ಪಾಲಿನ ಆಸುಪಾಸು ಮಾತ್ರ ಉಳಿದಿರುತ್ತದೆ. ಅಷ್ಟು ಹಗುರವಾದ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಟ್ಟರೆ ಅದೇ ಮೊದಲು ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಸ್ಟೇರಿಂಗ್ ಕೇಳುವುದಿಲ್ಲ, ಗಾಡಿ ನೇರ ಹೋಗುತ್ತದೆ, ಬ್ರೇಕ್ ಸ್ವಲ್ಪ ಬಿಟ್ಟರೆ ಸರಿಹೋಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಗಾಡಿ ತಿರುಗಿ ನಿಲ್ಲುತ್ತದೆ. ಅದನ್ನು ಹಿಡಿದು ಉಳಿಸಿಕೊಳ್ಳುವಷ್ಟು ಸಮಯ ರಸ್ತೆಯಲ್ಲಿ ಯಾರಿಗೂ ಸಿಗುವುದಿಲ್ಲ. ಅದಕ್ಕೇ ಕಂಪನಿಗಳು ಮುಂದಿನದೇ ಮೊದಲು ಲಾಕ್ ಆಗುವ ಹಾಗೆ ಇಟ್ಟಿರುತ್ತವೆ.

ಹಿಂದೆ ಡಿಸ್ಕ್ ಮಾಡಿಸುವುದು ನನಗೆ ಇಷ್ಟವಿಲ್ಲ, ನೇರವಾಗಿ ಹೇಳುತ್ತೇನೆ. ಡ್ರಮ್‌ನಲ್ಲಿ ಒಂದು ಶೂ ಚಕ್ರದ ತಿರುಗುವಿಕೆಯಿಂದಲೇ ಇನ್ನಷ್ಟು ಒಳಗೆ ಎಳೆದುಕೊಂಡು ಹಿಡಿಯುತ್ತದೆ. ಡಿಸ್ಕ್‌ಗೆ ಆ ಗುಣ ಇಲ್ಲ, ಅದಕ್ಕೆ ಒತ್ತಡ ಜಾಸ್ತಿ ಬೇಕು. ನಿಮ್ಮ ಕಾರಿನಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಆಯಿಲಿನ ಒತ್ತಡ ಕಡಿಮೆ ಮಾಡುವ ವಾಲ್ವ್ ಡ್ರಮ್‌ಗೆ ಅಂತ ಲೆಕ್ಕ ಹಾಕಿ ಇಟ್ಟದ್ದು. ಡಿಸ್ಕ್ ಹಾಕಿದಾಗ ಹಿಂದೆ ತೀರಾ ಕಡಿಮೆಯೂ ಆಗಬಹುದು, ಜಾಸ್ತಿಯೂ ಆಗಬಹುದು, ಎಲ್ಲ ಆ ಕ್ಯಾಲಿಪರಿನ ಪಿಸ್ಟನ್ ಮೇಲೆ. ಹ್ಯಾಂಡ್ ಬ್ರೇಕ್ ವ್ಯವಸ್ಥೆಯನ್ನೂ ಪೂರ್ತಿ ಬದಲಾಯಿಸಬೇಕು. ಹಿಂದೆ ಮಾಡಬೇಕಾದ ಕೆಲಸ ಅಷ್ಟು ಕಡಿಮೆ ಇರುವಾಗ, ಸರಿಯಾಗಿರುವ ಡ್ರಮ್ ಧಾರಾಳ ಸಾಕು.

ಮುಂದಿನ ವಿಷಯ. ಡಿಸ್ಕ್ 239 ಮಿ.ಮೀ.ನಿಂದ 256ಕ್ಕೆ ಹೋದರೆ ಹಿಡಿತ ಹೆಚ್ಚುವುದು ಶೇ. 7–8ರಷ್ಟು. ಆದರೆ ಕ್ಯಾಲಿಪರ್ ಪಿಸ್ಟನ್ 48 ಮಿ.ಮೀ.ನಿಂದ 54 ಆದರೆ ಅಷ್ಟಕ್ಕೇ ಒತ್ತುವ ಬಲ ಶೇ. 27ರಷ್ಟು ಏರುತ್ತದೆ. ಬ್ಯಾಲೆನ್ಸ್ ಕೆಡಿಸುವುದು ಡಿಸ್ಕ್‌ಗಿಂತ ಪಿಸ್ಟನ್. ಮುಂದೆ ಅಷ್ಟು ಜಾಸ್ತಿಯಾದರೆ ಮುಂದಿನದು ಬೇಗ ಲಾಕ್ ಆಗುತ್ತದೆ, ಹಿಂದಿನ ಟೈರಿನ ಹಿಡಿತ ಬಳಕೆಗೇ ಬರುವುದಿಲ್ಲ. ದೊಡ್ಡ ಬ್ರೇಕ್ ಹಾಕಿಸಿದ ಮೇಲೂ ನಿಲ್ಲುವ ದೂರ ಜಾಸ್ತಿಯಾಗುವುದು ಹೀಗೆ. ಮೇಲಾಗಿ ಹಳೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ತಳ್ಳುವ ಭಾಗ) ಇಟ್ಟು ದೊಡ್ಡ ಪಿಸ್ಟನ್ ಹಾಕಿದರೆ ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ಸಾಧ್ಯವಾದರೆ ಪಿಸ್ಟನ್ ಅಳತೆ ಅದೇ ಇರಲಿ. ಡಿಸ್ಕ್ ದಪ್ಪ, ಒಳಗೆ ಗಾಳಿ ಆಡುವಂಥದ್ದು ಹಾಕಿಸಿ. ನಿಮಗೆ ಬೇಕಾದದ್ದು ಬಿಸಿ ತಡೆಯುವ ಶಕ್ತಿ, ಅದು ಇದರಲ್ಲಿ ಸಿಗುತ್ತದೆ. ತೂತು ಕೊರೆದ ಡಿಸ್ಕ್ ನೋಡಲು ಚಂದ, ಆದರೆ ಬಿಸಿ ತಣ್ಣಗೆ ಆಗುತ್ತ ಆಗುತ್ತ ತೂತಿನ ಬಳಿ ಬಿರುಕು ಬಿಡುತ್ತದೆ.

ಕೈಯಲ್ಲಿ ತಿರುಗಿಸುವ ವಾಲ್ವ್ ಹಾಕಿಸಿ ಅಂತ ಯಾರಾದರೂ ಹೇಳಿಯಾರು. ಅದು ಹಿಂದಿನ ಒತ್ತಡವನ್ನು ಕಡಿಮೆ ಮಾತ್ರ ಮಾಡಬಲ್ಲದು, ಹೆಚ್ಚಿಸಲಾರದು. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಬ್ರೇಕ್ ಪೈಪ್ ಸಾಮಾನ್ಯವಾಗಿ ಅಡ್ಡಡ್ಡ ಹಂಚಿರುತ್ತದೆ: ಮುಂದಿನ ಎಡ, ಹಿಂದಿನ ಬಲ ಒಂದು ಸಾಲು, ಇನ್ನೆರಡು ಇನ್ನೊಂದು ಸಾಲು. ಒಂದು ಸೋರಿದರೂ ಇನ್ನೊಂದು ಉಳಿಯಲಿ ಅಂತ. ಅಲ್ಲಿ ಎರಡು ಸಾಲನ್ನು ಸೇರಿಸಿ ಒಂದೇ ವಾಲ್ವ್ ಕೂರಿಸಿದರೆ ಆ ರಕ್ಷಣೆಯೇ ಹೋಯಿತು. ದಯವಿಟ್ಟು ಮಾಡಬೇಡಿ.

ಒಂದು ಮಾತು ಬಿಟ್ಟಿದ್ದೆ. ಕೆಲವು ಕಾರುಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿ ಕಟ್ಟಿದ ವಾಲ್ವ್ ಇರುತ್ತದೆ. ಹಿಂದೆ ಭಾರ ಹಾಕಿದಾಗ ಬಾಡಿ ಕುಗ್ಗುತ್ತದೆ, ಆಗ ಅದು ಹಿಂದಕ್ಕೆ ಜಾಸ್ತಿ ಒತ್ತಡ ಬಿಡುತ್ತದೆ. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸಿದ್ದರೆ ಖಾಲಿ ಕಾರಿಗೂ ಭಾರ ಇದೆ ಅಂತ ತಿಳಿದು ಅಷ್ಟೇ ಒತ್ತಡ ಬಿಡುತ್ತದೆ. ನಿಮ್ಮದು ಹಳೆಯ ಕಾರು, ಈ ಕಡ್ಡಿ ಇದ್ದರೆ ತುಕ್ಕು ಹಿಡಿದು ನಿಂತಿದೆಯೇ ಅಂತ ಕೆಳಗೆ ಮಲಗಿ ನೋಡಿ.

ಮೊದಲು ಉತ್ತರಿಸಿದವರು:

ಪಿಸ್ಟನ್ ಮಾತು ನನ್ನ ಕಾರಿಗೂ ಅನ್ವಯ. ನಾನು ಹಳೆಯ ಕ್ಯಾಲಿಪರನ್ನೇ ಉಳಿಸಿಕೊಂಡು, ಉದ್ದದ ಬ್ರಾಕೆಟ್‌ನಲ್ಲಿ ದೊಡ್ಡ ಡಿಸ್ಕ್ ಹಾಕಿಸಿದ್ದು. ಕೊಳ್ಳುವ ಮೊದಲು ರಿಮ್ ಒಳಗೆ ಜಾಗ ಅಳೆದುಕೊಳ್ಳಿ. ರಿಮ್ ಅಂಚಿನ ಹತ್ತಿರ ಜಾಗ ಇದ್ದರೂ ರಿಮ್ಮಿನ ಸ್ಪೋಕ್ ಕಡ್ಡಿಗಳ ಹಿಂಭಾಗಕ್ಕೆ ಕ್ಯಾಲಿಪರ್ ತಾಗಬಹುದು. ಡಿಸ್ಕ್ ಕೂರುವ ಹಬ್ ಮೇಲಿನ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದೇ ಡಿಸ್ಕ್ ಕೂರಿಸಿ, ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಪೆಡಲ್ ನಡುಗಲು ಶುರುವಾಗುತ್ತದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಅದನ್ನು ಪಳಗಿಸಬೇಕು. 60 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸುವುದು. ಹೀಗೆ ಹತ್ತು ಸಲದಷ್ಟು ಮಾಡಿ, ಕೊನೆಗೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಕಾದ ಡಿಸ್ಕ್ ಮೇಲೆ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ.

ಗ್ಯಾರೇಜ್ ಕೆಲಸದವರು:

ಕೆಲಸ ಮುಗಿದ ಮೇಲೆ ಬ್ರೇಕ್ ಪರೀಕ್ಷಿಸುವ ರೋಲರ್ ಮೇಲೆ ನಾಲ್ಕೂ ಚಕ್ರದ ಬ್ರೇಕ್ ಬಲ ಅಳೆಸಿ, ಎಡ ಬಲ ಎಷ್ಟು ವ್ಯತ್ಯಾಸ ಅಂತ ಅಂಕಿಯಲ್ಲೇ ಸಿಗುತ್ತದೆ. ಇಂಥ ಬದಲಾವಣೆಗೆ ನಿಮ್ಮ ಕಡೆಯ ನಿಯಮ, ವಿಮೆ ಒಪ್ಪುತ್ತದೆಯೇ ಅಂತಲೂ ಮೊದಲೇ ವಿಚಾರಿಸಿ.

ಇನ್ನೊಂದು. ಆಯಿಲ್ ಬದಲಾಯಿಸಿ ಏರ್ ತೆಗೆಯುವಾಗ ಪೆಡಲನ್ನು ಪೂರ್ತಿ ನೆಲಕ್ಕೆ ತುಳಿಯಬೇಡಿ. ಹಳೆಯ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗದಲ್ಲಿ ತುಕ್ಕು ಇರುತ್ತದೆ, ಸೀಲ್ ಅಲ್ಲಿಗೆ ಹೋಗಿ ಹರಿದರೆ ಮಾಸ್ಟರ್ ಸಿಲಿಂಡರನ್ನೇ ಬದಲಾಯಿಸಬೇಕಾಗುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡು ಮಾಡಿ.