ಅಮೆರಿಕದಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಕೆಲಸ ಸಿಕ್ಕಿದೆ, ಶಟ್‌ಡೌನ್ ನೋಡಿ ಭಯ ಆಗ್ತಿದೆ. ಸೇರಲೋ ಬೇಡವೋ?

ಜಾರ್ಜಿಯಾ ನಿವಾಸಿ 2025ರ ಕೊನೆಯಲ್ಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಸಿಟಿಜನ್‌ಶಿಪ್ ಬಂತು. ಮೈಕ್ರೋಬಯಾಲಜಿಯಲ್ಲಿ ಒಂಬತ್ತು ವರ್ಷದ ಅನುಭವ ಇದೆ, ಅಷ್ಟೂ ಖಾಸಗಿ ಕಂಪನಿಗಳಲ್ಲೇ. ಈಗ ಕೃಷಿ ಇಲಾಖೆಯ ಆಹಾರ ಸುರಕ್ಷತೆ ಲ್ಯಾಬ್ ಒಂದರಿಂದ ಆಫರ್ ಬಂದಿದೆ. ಜನವರಿಯಲ್ಲಿ ಸೇರಬೇಕು. ಸಂಬಳ ಈಗಿನದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಕೆಲಸ ನನಗೆ ತುಂಬಾ ಇಷ್ಟವಾದದ್ದು.

ಆದರೆ ಖರ್ಚಿನ ಮಸೂದೆಗೆ ಸಂಸತ್ತಿನ ಒಪ್ಪಿಗೆ ಸಿಗದೆ ಈ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಸರ್ಕಾರ ಬಾಗಿಲು ಹಾಕಿದ್ದನ್ನು ನೋಡಿದ ಮೇಲೆ ಮನಸ್ಸು ಅಳುಕುತ್ತಿದೆ. ಮನೆ ಸಾಲ ಇದೆ, ಮಗಳು ಡೇಕೇರ್‌ಗೆ ಹೋಗ್ತಾಳೆ. ಈಗ ಆಗಿರುವ ಒಪ್ಪಂದವೂ 2026ರ ಜನವರಿ 30ರವರೆಗೆ ಮಾತ್ರ ಅಂತಿದ್ದಾರೆ. ಒಳಗೆ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ. ದುಡ್ಡು ಕೊನೆಗಾದರೂ ಸಿಗುತ್ತಾ? ಆ ದಿನಗಳನ್ನು ಹೇಗೆ ಕಳೆದಿರಿ?

ಹೊಳೆದಂಡೆ:

ಮೊದಲು ನಿಮಗೆ ಬೇಕಾದ ವಿಷಯ ಹೇಳಿಬಿಡ್ತೀನಿ. ನವೆಂಬರ್ 12ರ ರಾತ್ರಿ ಸಹಿಯಾದ ಮಸೂದೆಯಲ್ಲಿ ಹೆಚ್ಚಿನ ಇಲಾಖೆಗಳಿಗೆ ಜನವರಿ 30ರವರೆಗೆ ಮಾತ್ರ ಹಣ ಕೊಟ್ಟಿದ್ದಾರೆ, ನಿಜ. ಆದರೆ ಕೃಷಿ ಇಲಾಖೆಗೆ ಪೂರ್ತಿ ವರ್ಷದ ಹಣ ಮಂಜೂರಾಗಿದೆ, 2026ರ ಸೆಪ್ಟೆಂಬರ್ 30ರವರೆಗೆ. ಹಾಗಾಗಿ ಜನವರಿ 30ರ ಗಡುವು ನಿಮ್ಮ ಲ್ಯಾಬಿಗೆ ತಟ್ಟೋದಿಲ್ಲ. ನನ್ನ ಇಲಾಖೆಗೆ ತಟ್ಟುತ್ತೆ.

ನಾನು 2011ರಿಂದ ಫೆಡರಲ್ ನೌಕರಿಯಲ್ಲಿದ್ದೀನಿ, ಮೇರಿಲ್ಯಾಂಡ್‌ನಲ್ಲಿ. ಯಾವ ಕಚೇರಿ ಅನ್ನೋದು ಬೇಡ. ಪ್ರತಿ ಬುಧವಾರ ಬೆಳಿಗ್ಗೆ ಒಂದು ಹೊಳೆಗೆ ಹೋಗಿ, ಅದೇ ಸೇತುವೆ ಕೆಳಗೆ, ಅದೇ ಜಾಗದಲ್ಲಿ ನೀರಿನ ಸ್ಯಾಂಪಲ್ ತೆಗೆಯೋದು ನನ್ನ ಕೆಲಸ. ಬಾಟಲಿಯನ್ನು ಮೂರು ಸಲ ಆ ಹೊಳೆ ನೀರಲ್ಲೇ ತೊಳೆದು, ನಾಲ್ಕನೇ ಸಲ ತುಂಬಿಸಿ, ತಾರೀಖು ಸಮಯ ಬರೆದು, ಐಸ್ ಪೆಟ್ಟಿಗೆಗೆ ಹಾಕ್ತೀನಿ. ನೈಟ್ರೇಟ್ ಎಷ್ಟು, ಉಪ್ಪು ಎಷ್ಟು ಅಂತ ಲ್ಯಾಬ್‌ನಲ್ಲಿ ನೋಡ್ತಾರೆ. ಒಂದು ದಿನದ ಲೆಕ್ಕದಿಂದ ಏನೂ ಗೊತ್ತಾಗೋದಿಲ್ಲ. ಹತ್ತು ಹದಿನೈದು ವರ್ಷ ಬಿಡದೆ ತೆಗೆದರೆ ಮಾತ್ರ ಹೊಳೆಗೆ ಏನಾಗ್ತಿದೆ ಅಂತ ತಿಳಿಯುತ್ತೆ.

ನನ್ನ ಸರಣಿಯಲ್ಲಿ ಹದಿನೈದು ಬುಧವಾರ ಇಲ್ಲ. 2013ರಲ್ಲಿ ಮೂರು, 2018-19ರ 35 ದಿನದ ಶಟ್‌ಡೌನ್‌ನಲ್ಲಿ ಐದು, ಈ ಸಲ ಏಳು.

2019ರದ್ದನ್ನು ಮರೆಯೋಕೆ ಆಗೋದಿಲ್ಲ. ಜನವರಿ 12, 13ರ ವಾರಾಂತ್ಯ ವಾಷಿಂಗ್ಟನ್ ಸುತ್ತಮುತ್ತ ಹತ್ತು ಇಂಚಿನ ಹತ್ತಿರ ಹಿಮ ಬಿತ್ತು. ರಸ್ತೆಗಳಿಗೆಲ್ಲ ಉಪ್ಪು ಸುರಿದರು. ಹಿಮ ಕರಗಿದಾಗ ಆ ಉಪ್ಪೆಲ್ಲ ಹೊಳೆಗೆ ಇಳಿಯುತ್ತೆ. ನಾವು ಹಿಡಿಯಬೇಕಾದದ್ದು ಅದನ್ನೇ. ಬುಧವಾರ ಮನೇಲಿ ಕೂರೋಕೆ ಆಗಲಿಲ್ಲ, ಸ್ವಂತ ಕಾರಲ್ಲಿ ಹೋಗಿ ಸೇತುವೆ ಮೇಲೆ ನಿಂತೆ. ದಂಡೆಯ ಮಂಜುಗಡ್ಡೆ ಅಂಚು ಬಿಟ್ಟುಕೊಂಡು ಹನಿ ಹನಿಯಾಗಿ ಬೀಳ್ತಿತ್ತು, ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಒಂದೇ ಒಂದು ಬಾಟಲಿ ತುಂಬಿಸಿಕೊಂಡರೆ ಸಾಕಿತ್ತು. ಅದು ಕಾನೂನಿಗೆ ವಿರುದ್ಧ. ಹಣ ಮಂಜೂರಾಗದಿದ್ದಾಗ ನೌಕರರು ಪುಕ್ಕಟೆ ಕೂಡ ಕೆಲಸ ಮಾಡುವ ಹಾಗಿಲ್ಲ, ಆಫೀಸಿನ ಇಮೇಲ್ ತೆರೆಯುವ ಹಾಗೂ ಇಲ್ಲ. ಇಪ್ಪತ್ತು ನಿಮಿಷ ನಿಂತು ವಾಪಸ್ ಬಂದೆ.

ಈ ಕಾನೂನಿನ ಹೆಸರು ಆಂಟಿಡೆಫಿಷಿಯನ್ಸಿ ಆ್ಯಕ್ಟ್. ಬೇರು 1884ರದ್ದು. ಆದರೆ ಸುಮಾರು ನೂರು ವರ್ಷ ಅದರ ಹೆಸರಲ್ಲಿ ಯಾರೂ ಕಚೇರಿಗೆ ಬೀಗ ಹಾಕಲಿಲ್ಲ. ಬಜೆಟ್ ತಡವಾದರೆ ಖರ್ಚು ಬಿಗಿಹಿಡಿದು ಕೆಲಸ ಮುಂದುವರಿಸ್ತಿದ್ದರು. ಅಧ್ಯಕ್ಷ ಕಾರ್ಟರ್ ಕಾಲದಲ್ಲಿ, 1980ರಲ್ಲಿ, ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಅವರು ಹಣ ಇಲ್ಲದಿದ್ದರೆ ಕೆಲಸ ನಿಲ್ಲಿಸಲೇಬೇಕು ಅಂತ ಅಭಿಪ್ರಾಯ ಕೊಟ್ಟರು. ಮರುವರ್ಷ, ಜೀವ ಮತ್ತು ಆಸ್ತಿ ಕಾಯುವ ಕೆಲಸಕ್ಕೆ ವಿನಾಯಿತಿ ಅಂತ ವಿವರಿಸಿದರು. ನಮ್ಮಲ್ಲಿ ಕೆಲವರನ್ನು ಮನೆಗೆ ಕಳಿಸೋದು, ಕೆಲವರನ್ನು ಸಂಬಳವಿಲ್ಲದೆ ದುಡಿಸೋದು ಅಲ್ಲಿಂದ ಬಂದದ್ದು. ಮನೆಗೆ ಹೋಗುವವರಿಗೆ ಫರ್ಲೋ ಅಂತಾರೆ, ಬರಲೇಬೇಕಾದವರಿಗೆ ಎಕ್ಸೆಪ್ಟೆಡ್. ಅಂದರೆ ಇದು ಸಂವಿಧಾನದಲ್ಲಿ ಬರೆದದ್ದಲ್ಲ. ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಮನಸ್ಸು ಮಾಡಿದರೆ ಒಂದು ಸಾಲಿನ ತಿದ್ದುಪಡಿಯಲ್ಲಿ ನಿಲ್ಲಿಸಬಹುದು: ಬಜೆಟ್ ಆಗುವ ತನಕ ಹಿಂದಿನ ವರ್ಷದಷ್ಟೇ ಖರ್ಚು ತಾನಾಗಿ ಮುಂದುವರಿಯಲಿ ಅಂತ. ಎರಡೂ ಪಕ್ಷದವರು ಬೇರೆ ಬೇರೆ ವರ್ಷಗಳಲ್ಲಿ ಈ ಮಾತು ಎತ್ತಿದ್ದಾರೆ. ಆಗಿಲ್ಲ, ಯಾಕಂದರೆ ಬೀಗದ ಭಯ ಇದ್ದರೆ ಎದುರಿನವರನ್ನು ಬಗ್ಗಿಸಬಹುದು ಅನ್ನೋ ನಂಬಿಕೆ ಇಬ್ಬರಿಗೂ ಇದೆ. ನನಗೆ ಸಿಟ್ಟು ಬರೋದು ಇದಕ್ಕೆ.

ಇನ್ನು ದುಡ್ಡು. 2019ರ ಕಾನೂನಿನ ಪ್ರಕಾರ ಫರ್ಲೋ ಆದವರಿಗೂ ಎಕ್ಸೆಪ್ಟೆಡ್ ಆದವರಿಗೂ ಹಿಂಬಾಕಿ ಸಂಬಳ ಕೊಡಲೇಬೇಕು. ಈ ಅಕ್ಟೋಬರ್‌ನಲ್ಲಿ ಅದನ್ನೂ ಕೊಡಬೇಕಾಗಿಲ್ಲ ಅನ್ನೋ ವಾದ ಶ್ವೇತಭವನದಿಂದ ಹೊರಟಿತು. ಆ ವಾರ ನನಗೆ ನಿದ್ದೆ ಬರಲಿಲ್ಲ. ಕೊನೆಗೆ ಮಸೂದೆಯಲ್ಲೇ ಹಿಂಬಾಕಿ ಅಂತ ಬರೆದರು, ಪೂರ್ತಿ ಬಂತು. ಆದರೆ ಮಧ್ಯದಲ್ಲಿ ಬಂದ ಪೇ ಸ್ಲಿಪ್‌ನಲ್ಲಿ ಕೈಗೆ ಬರುವ ಮೊತ್ತದ ಜಾಗದಲ್ಲಿ 0.00 ಅಂತ ಅಚ್ಚಾಗಿರುತ್ತೆ. ಆ ಸೊನ್ನೆಗಳನ್ನು ನೋಡೋಕೆ ಸಿದ್ಧರಾಗಿರಿ. ಆರೋಗ್ಯ ವಿಮೆ ನಿಲ್ಲೋದಿಲ್ಲ, ಕಂತನ್ನು ಆಮೇಲೆ ಮುರಿದುಕೊಳ್ತಾರೆ. ಫರ್ಲೋ ಆದರೆ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಬಹುದು, ಹಿಂಬಾಕಿ ಬಂದ ಮೇಲೆ ಅದನ್ನು ವಾಪಸ್ ಕಟ್ಟಬೇಕು. ಎರಡು ತಿಂಗಳ ಮನೆ ಕಂತು ಮತ್ತು ಡೇಕೇರ್ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಆಮೇಲೆ ಸೇರಿ.

ಟೆಕ್ಸಾಸ್ ಕನ್ನಡಿಗ:

ತಪ್ಪು ತಿಳಿಯಬೇಡಿ ಮೇಡಂ, ಹೊರಗಿನಿಂದ ನೋಡುವವನ ಪ್ರಶ್ನೆ. ಕೊನೆಗೆ ಪೂರ್ತಿ ಸಂಬಳ ಬಂತಲ್ಲ? 43 ದಿನ ಮನೇಲಿದ್ದು ಸಂಬಳ ತಗೊಂಡ ಹಾಗಾಯ್ತಲ್ಲ? ನಮ್ಮ ಕಂಪನಿಯಲ್ಲಿ ಲೇಆಫ್ ಆದರೆ ಹಿಂಬಾಕಿ ಅನ್ನೋದೇ ಇಲ್ಲ.

ವರ್ಜೀನಿಯಾ ಕಾಂಟ್ರಾಕ್ಟರ್:

ಅವರ ಪರವಾಗಿ ನಾನು ಹೇಳ್ತೀನಿ. ನಾನು ಒಂದು ಫೆಡರಲ್ ಕಚೇರಿಯ ಡೇಟಾಬೇಸ್ ನೋಡ್ಕೊಳ್ತೀನಿ, ಆದರೆ ಸಂಬಳ ಖಾಸಗಿ ಕಂಪನಿಯದ್ದು. ನಮಗೆ ಹಿಂಬಾಕಿ ಇಲ್ಲ. ಮೊದಲ ಹನ್ನೊಂದು ದಿನ ನನ್ನ ಉಳಿಕೆ ರಜೆ ಕಳೆದರು, ಆಮೇಲಿನದ್ದಕ್ಕೆ ಏನೂ ಇಲ್ಲ. ಡಿಸೆಂಬರ್‌ನಲ್ಲಿ ಅಮ್ಮನನ್ನು ನೋಡೋಕೆ ಊರಿಗೆ ಹೋಗಬೇಕು ಅಂತ ಇಟ್ಟುಕೊಂಡಿದ್ದ ರಜೆ ಅದು.

ನಮ್ಮ ಕಟ್ಟಡದ ಕ್ಯಾಂಟೀನಲ್ಲಿ ಕ್ಯಾಶಿಯರ್ ಒಬ್ಬರಿದ್ದರು, ಅರವತ್ತು ದಾಟಿದ ಹೆಂಗಸು. ದಿನಾ ನನ್ನ ಕಾಫಿಗೆ ಮುಚ್ಚಳ ಹಾಕಿಯೇ ಕೊಡ್ತಿದ್ದರು, ಒಂದು ಸಲ ಮೆಟ್ಟಿಲ ಮೇಲೆ ಚೆಲ್ಲಿಕೊಂಡಿದ್ದೆ ಅಂತ. ನವೆಂಬರ್ 13ಕ್ಕೆ ನಾವು ವಾಪಸ್ ಹೋದಾಗ ಅಲ್ಲಿ ಬೇರೆಯವರಿದ್ದರು. ಅಷ್ಟು ದಿನ ಕಾಯೋಕೆ ಆಗದೆ ಬೇರೆ ಕೆಲಸ ಹಿಡಿದರಂತೆ.

ಪ್ರಶ್ನೆ ಕೇಳಿದವರಿಗೆ: ನೀವು ನೇರ ಫೆಡರಲ್ ನೌಕರರಾಗ್ತಿದ್ದೀರಿ, ಕಾಂಟ್ರಾಕ್ಟರ್ ಅಲ್ಲ. ಇದು ದೊಡ್ಡ ವ್ಯತ್ಯಾಸ. ಆದರೆ ಮೊದಲ ವರ್ಷ ಪ್ರೊಬೇಷನ್ ಇರುತ್ತೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ನೌಕರರನ್ನು ಕಡಿತ ಮಾಡಿದಾಗ ಮೊದಲು ಕೆಲಸ ಕಳೆದುಕೊಂಡವರು ಪ್ರೊಬೇಷನ್‌ನಲ್ಲಿದ್ದವರೇ. ಶಟ್‌ಡೌನ್‌ಗಿಂತ ಅದರ ಬಗ್ಗೆ ಎಚ್ಚರ ಇರಲಿ.

ಹೊಳೆದಂಡೆ:

ಟೆಕ್ಸಾಸ್‌ನವರೇ, ಕೇಳಿದ್ದು ಒಳ್ಳೆಯದಾಯ್ತು, ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ರಜೆ ಅಂದರೆ ಯಾವತ್ತು ಮುಗಿಯುತ್ತೆ ಅಂತ ಗೊತ್ತಿರುತ್ತೆ. ಇಲ್ಲಿ ಪ್ರತಿ ರಾತ್ರಿ ಸೆನೆಟ್‌ನ ಮತ ಎಣಿಕೆ ನೋಡಿ ಮಲಗಬೇಕು. ಖರ್ಚಿನ ಮಸೂದೆಗೆ 60 ಮತ ಬೇಕಿತ್ತು, ಆಳುವ ರಿಪಬ್ಲಿಕನ್ ಪಕ್ಷದ ಬಳಿ ಇದ್ದದ್ದು 53. ಒಬಾಮಾಕೇರ್ ಆರೋಗ್ಯ ವಿಮೆಯ ಹೆಚ್ಚುವರಿ ಸಬ್ಸಿಡಿ 2025ರ ಕೊನೆಗೆ ಮುಗಿಯೋದಿತ್ತು, ಅದನ್ನು ಮುಂದುವರಿಸಿ ಅಂತ ವಿರೋಧ ಪಕ್ಷದ ಡೆಮಾಕ್ರಟರು. ಮೊದಲು ಬಾಗಿಲು ತೆರೆಯಿರಿ, ಆಮೇಲೆ ಮಾತು ಅಂತ ರಿಪಬ್ಲಿಕನ್ನರು. ಹದಿನಾಲ್ಕು ಸಲ ಅದೇ ಮಸೂದೆ ಬಿತ್ತು. ಸೆಪ್ಟೆಂಬರ್ 19ರ ನಂತರ ಕೆಳಮನೆ ಮತ ಹಾಕೋಕೆ ಸೇರಿದ್ದು ನವೆಂಬರ್ 12ಕ್ಕೆ. ಅಷ್ಟೂ ದಿನ ಸದಸ್ಯರ ಸಂಬಳ ನಿಲ್ಲಲಿಲ್ಲ, ಅದು ಸಂವಿಧಾನದಲ್ಲೇ ಇದೆ.

ಯಾವ ಪಕ್ಷ ಸರಿ ಅಂತ ನಾನು ಇಲ್ಲಿ ಹೇಳೋದಿಲ್ಲ. ವಿಮೆಯ ಬಗ್ಗೆ ಜಗಳ ಆಡಲಿ, ಅದು ಜಗಳ ಆಡಬೇಕಾದ ವಿಷಯವೇ. ಅದಕ್ಕೆ ನಮ್ಮನ್ನು ಒತ್ತೆ ಇಡಬೇಡಿ ಅಂತಷ್ಟೇ ನಾನು ಕೇಳೋದು. 2018-19ರಲ್ಲಿ ಮೆಕ್ಸಿಕೋ ಗಡಿಯ ಗೋಡೆಗೆ 5.7 ಬಿಲಿಯನ್ ಡಾಲರ್ ಬೇಕು ಅಂತ ಮುಚ್ಚಿದರು. ಆ ಶಟ್‌ಡೌನ್‌ನಿಂದ ದೇಶದ ಆರ್ಥಿಕತೆಗೆ ಮರಳಿ ಬಾರದ ನಷ್ಟವೇ 3 ಬಿಲಿಯನ್ ಅಂತ ಕಾಂಗ್ರೆಸ್ಸಿನ ಸ್ವಂತ ಬಜೆಟ್ ಕಚೇರಿ ಲೆಕ್ಕ ಹಾಕಿತು. ಸುಮಾರು ಎಂಟು ಲಕ್ಷ ಜನ ಸಂಬಳವಿಲ್ಲದೆ ಇದ್ದರು, ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡ್ತಾನೇ ಇದ್ದರು. ನನ್ನ ಪಕ್ಕದ ಮನೆಯವರು ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡ್ತಾರೆ. ಈ ಸಲ ಅಕ್ಟೋಬರ್ ಕೊನೆಯಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸೋಕೆ ನಲವತ್ತು ಡಾಲರ್ ಕೇಳಿದರು. ಕೇಳುವಾಗ ನನ್ನ ಮುಖ ನೋಡಲಿಲ್ಲ, ಗೇಟಿನ ಚಿಲಕ ನೋಡ್ತಾ ಕೇಳಿದರು. ಹಿಂಬಾಕಿ ಬಂದ ದಿನವೇ ತಂದುಕೊಟ್ಟರು.

ಜಾರ್ಜಿಯಾ ನಿವಾಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯವರ ಜೊತೆ ಕೂತು ಎರಡು ತಿಂಗಳ ಲೆಕ್ಕ ಹಾಕಿದ್ವಿ. ಡೇಕೇರ್ ದುಡ್ಡು ಈಗಲೇ ಬೇರೆ ಇಟ್ಟಿದ್ದೀವಿ. ಸೇರ್ತೀನಿ. ಅಕ್ಕ, ಒಂದೇ ಒಂದು ಕೇಳಬೇಕು ಅನ್ನಿಸ್ತು: ಆ ಹದಿನೈದು ವಾರಗಳದ್ದು ಆಮೇಲೆ ಏನು ಮಾಡ್ತೀರಿ? ಅಂದಾಜಿನ ಮೇಲೆ ತುಂಬಿಸ್ತೀರಾ?

ಹೊಳೆದಂಡೆ:

ಸಂತೋಷ, ಸೇರಿ. ಲ್ಯಾಬಿಗೆ ನಿಮ್ಮಂಥವರು ಬೇಕು.

ಇಲ್ಲ, ತುಂಬಿಸೋದಿಲ್ಲ. ಹಿಂದಿನ ವಾರ, ಮುಂದಿನ ವಾರ ನೋಡಿ ಗೆರೆ ಎಳೆದರೆ ಹಿಮದ ವಾರದ ಉಪ್ಪು ಕಾಣಿಸೋದೇ ಇಲ್ಲ, ಹೊಳೆ ಚೆನ್ನಾಗಿತ್ತು ಅನ್ನಿಸಿಬಿಡುತ್ತೆ. ನವೆಂಬರ್ 13, ಗುರುವಾರ, ಆಫೀಸಿಗೆ ಹೋದವಳು ಮೊದಲು ವ್ಯಾನ್ ಕೀ ಇಸ್ಕೊಂಡು ಹೊಳೆಗೇ ಹೋದೆ. ಎಲೆ ಬಿದ್ದು ದಂಡೆ ಗುರುತೇ ಸಿಗ್ತಿರಲಿಲ್ಲ, ನಾನು ನಿಲ್ಲುವ ಕಲ್ಲನ್ನು ಕಾಲಲ್ಲಿ ತಡಕಿ ಹುಡುಕಿದೆ. ಸ್ಯಾಂಪಲ್ ತೆಗೆದೆ. ವಾಪಸ್ ಬಂದು ಪಟ್ಟಿಯಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗಿನ ಏಳು ತಾರೀಖುಗಳನ್ನು ಬರೆದೆ. ಪಕ್ಕದ ಕಾಲಂಗಳನ್ನು ಖಾಲಿ ಬಿಟ್ಟು, ಷರಾದಲ್ಲಿ ಏಳಕ್ಕೂ ಒಂದೇ ಮಾತು ಹಾಕಿದೆ: ಹಣ ಮಂಜೂರಾಗಿರಲಿಲ್ಲ.