ಹಳ್ಳದ ಕಪ್ಪೆ, ನೀರುನಾಯಿ ನೋಡಿದವರು ಅನುಭವ ಹೇಳಿ

ಸಿದ್ದಾಪುರದಿಂದ ಕೇಳ್ತಿದ್ದೇನೆ: ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಎರಡು ಮಳೆಗಾಲದಿಂದ ಕುಂಬಾರ ಕಪ್ಪೆ ಹುಡುಕುತ್ತಿದ್ದೇನೆ. ಕೂಗು ಕೇಳುತ್ತದೆ, ಕಪ್ಪೆ ಕಾಣುವುದಿಲ್ಲ. ಟಾರ್ಚ್ ಬದಲಿಸಲೇ, ಪ್ರಾಣಿ ಬಂದರೆ ತಾನೇ ಫೋಟೋ ತೆಗೆಯುವ ಟ್ರ್ಯಾಪ್ ಕ್ಯಾಮೆರಾ ತಗೊಳ್ಳಲೇ?

ಕೊಪ್ಪದ ತೋಟದವ: ಕ್ಯಾಮೆರಾ ತಗೊಳ್ಳಿ. ನನ್ನದು 14,500. ಕಾರ್ಡ್, ಎಂಟು ಸೆಲ್, ಚಾರ್ಜರ್ ಸೇರಿ ಇನ್ನೂ 3,200. ಮೊದಲ ವಾರ 1,900 ಫೋಟೋ, ಅಷ್ಟೂ ಅಲುಗಾಡುವ ಹುಲ್ಲು. ಜುಲೈನಲ್ಲಿ ಹಳ್ಳ ಉಕ್ಕಿ ಸಂಕದ (ಕಾಲುಸೇತುವೆ) ಜೊತೆ ಕ್ಯಾಮೆರಾನೂ ಹೋಯಿತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮತ್ತೊಂದು ತಂದೆ. ಹಾಸುಗಲ್ಲಿನ ಮೇಲೆ ಏಡಿ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಇತ್ತು, ಅದರ ಎದುರಿಗೇ ಕಟ್ಟಿದೆ. 41ನೇ ರಾತ್ರಿ ಮೂರು ಪುಟ್ಟ ನೀರುನಾಯಿ ಬಂದವು. ಹನ್ನೊಂದೇ ಸೆಕೆಂಡಿನ ವಿಡಿಯೋ. ಕೊಟ್ಟ ದುಡ್ಡು ಅಲ್ಲಿಗೆ ಸಾರ್ಥಕವಾಯಿತು.

ಹೊನ್ನಾವರದ ಮೇಷ್ಟ್ರು: ಅವರು ಕೇಳಿದ್ದು ಕಪ್ಪೆ ಮಾರಾಯ್ರೆ! ಆ ಕ್ಯಾಮೆರಾ ಮೈಶಾಖ ಅಲುಗಾಡಿದರೆ ಚಾಲೂ ಆಗುವುದು. ಕಪ್ಪೆ ಮೈ ತಣ್ಣಗೆ. ಸುಮ್ನೆ ಖರ್ಚು ಮಾಡಿಸಬೇಡಿ. ನಾನು ಮೂರು ಮಳೆಗಾಲ ಕೂತಿದ್ದೇನೆ. ಟಾರ್ಚಿಗೆ ಕೆಂಪು ಕಾಗದ, ಅದೂ ಆರಿಸಿ ಅರ್ಧ ಗಂಟೆ ಕತ್ತಲಲ್ಲಿ. ಎರಡನೇ ವರ್ಷ ಜ್ವರ ಬಂದು ಹತ್ತು ದಿನ ರಜೆ. ಕಡೆಗೆ ನೀರಿನ ಮೇಲೆ ಬಾಗಿದ ಕಡ್ಡಿಯಲ್ಲಿ ಕಂಡಿತು. ಗಂಡು ಹಿಂಗಾಲಲ್ಲಿ ನಿಂತು ಮುಂಗೈಯಲ್ಲಿ ಕೆಸರು ಬಾಚುತ್ತದೆ, ಮೊಟ್ಟೆಗೆ ಮೆತ್ತುತ್ತದೆ, ಮತ್ತೆ ಬಾಚುತ್ತದೆ. 2014ರಲ್ಲಿ ಅದಕ್ಕೆ ಹೊಸ ಪ್ರಭೇದವೆಂದು ಹೆಸರಿಟ್ಟರು. ನಮ್ಮಜ್ಜನ ಕಾಲದಿಂದಲೂ ಆ ಟಕ್ ಟಕ್ ನಮ್ಮ ಹಳ್ಳದಲ್ಲಿದೆ.

ಕೊಪ್ಪದ ತೋಟದವ: ಕ್ಯಾಮೆರಾ ಕೊಳ್ಳಲೇ ಅಂತ ಕೇಳಿದ್ದಕ್ಕೆ ಹೇಳಿದೆ. ಕತ್ತಲಲ್ಲಿ ಹಳ್ಳಕ್ಕಿಳಿದು ಎಷ್ಟು ಮೊಟ್ಟೆ ತುಳಿದಿರೋ, ಅದನ್ನೂ ಬರೆಯಿರಿ.

ಹೊನ್ನಾವರದ ಮೇಷ್ಟ್ರು: ನಾನು ದಂಡೆ ಬಿಟ್ಟು ಇಳಿದಿಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಮೂಡಿಗೆರೆಯವಳು: ರಾತ್ರಿನೇ ಯಾಕೆ? ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆಯನ್ನು ನಾನು ಹಗಲಲ್ಲೇ ನೋಡಿದ್ದು. ಮಳೆ ಇಳಿದ ಮೇಲೆ, ನೀರಿನ ಸದ್ದು ಜಾಸ್ತಿ ಇರುವ ಕಡೆ. ಹೆಬ್ಬೆರಳಷ್ಟೂ ಇಲ್ಲ. ಒದ್ದೆ ಕಲ್ಲಿನ ಮೇಲೆ ಕೂತು ಒಂದು ಹಿಂಗಾಲು ಚಾಚಿ ಬೆರಳು ಬಿಡಿಸಿ ತೋರಿಸುತ್ತದೆ, ಆ ಗದ್ದಲದಲ್ಲಿ ಕೂಗು ಕೇಳಬೇಕಲ್ಲ ಪಾಪ. ಖುಷಿಗೆ ಜಾಗದ ಹೆಸರು ಸಮೇತ ಫೋಟೋ ಹಾಕಿದೆ. ಮುಂದಿನ ಭಾನುವಾರ ನಾಲ್ಕು ಜೀಪು. ಒಂದು ಕಲ್ಲನ್ನೂ ಮಗುಚದೆ ಬಿಡಲಿಲ್ಲ. ಮರುವರ್ಷ ಆ ತಿರುವಿನಲ್ಲಿ ಒಂದೂ ಇಲ್ಲ. ನನಗೆ ಇವತ್ತಿಗೂ ನಿದ್ದೆ ಕೆಡುತ್ತದೆ. ಜಾಗ ಹೇಳಬೇಡಿ, ಯಾರಿಗೂ.

ತೀರ್ಥಹಳ್ಳಿ: ಯಾರೂ ಇಂಬಳದ (ಉಂಬಳ, ಕಾಡಿನ ಜಿಗಣೆ) ವಿಷಯ ಹೇಳಲಿಲ್ಲ. ಸುಣ್ಣ, ಹೊಗೆಸೊಪ್ಪು ಕಾಲಿಗೆ ಚೆನ್ನಾಗಿ ಸವರಿ ಹೋಗಿ.

ಹೊನ್ನಾವರದ ಮೇಷ್ಟ್ರು: ದಯವಿಟ್ಟು ಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಅದೆಲ್ಲ ನೀರಿಗೆ ಹೋಗುತ್ತದೆ. ಉದ್ದ ಕಾಲುಚೀಲ ಹಾಕಿ ಸಾಕು.

ತೀರ್ಥಹಳ್ಳಿ: ಕಾಲುಚೀಲದೊಳಗೇ 23 ಇಂಬಳ ಎಣಿಸಿದವ ನಾನು ಸಾರ್. ನಿಮ್ಮ ಕಡೆ ಉಂಬಳ ಕಚ್ಚಲ್ವಾ?